ಸಹಿ ಹಾಕುವ ಮುನ್ನ

ಕೋರ್ಟಿಗೆ ಹೋಗುವ ದಿನ ರಮೋನಾ ಬಾಳೆಕಾಯಿ ಬೇಯಿಸಿ ಹಿಸುಕಿ ಮಗಳ ಮುಂದಿಟ್ಟಳು. ಮಗಳು ತಿಂದು ಮುಗಿಸುವುದರೊಳಗೆ ಅನ್ನದ ಪಾತ್ರೆ ಹಳೆ ಪೇಪರಿನಲ್ಲಿ ಸುತ್ತಿಕೊಂಡು ಪೆಟ್ಟಿಗೆ ಸೇರಿತ್ತು. ಗೋಡೆಯ ಮೇಲಿದ್ದ ದೇವಮಾತೆಯ ಪಟವೂ ಇಳಿದಿತ್ತು.

"ಅಮ್ಮಾ, ಆಗ್ಲೇ ಸೋತ್ಬಿಟ್ವಾ?" ಎಂದಳು ಯೊಕಾಸ್ತಾ.

"ಗೆಲ್ಲೋದು ಸೋಲೋದೆಲ್ಲ ವಕೀಲರಿರೋರಿಗೆ ಕಣೇ. ನಮ್ಮಂಥೋರು ಸಹಿ ಹಾಕಿ ಬರ್ಬೇಕು. ನಿಮ್ಮಜ್ಜಿ ಹಾಕಿದ್ಲು, ನಾನೂ ಹಾಕ್ದೆ. ಮರ್ಯಾದಸ್ಥರು ಕೋರ್ಟಲ್ಲಿ ಬಾಯಿ ಮಾಡಲ್ಲ."

ಬ್ರಾಂಕ್ಸ್ ಬಡಾವಣೆಯ ಆ ಬೀದಿಯಲ್ಲಿ ಇದೇ ವೇದವಾಕ್ಯ. ಮನೆ ಬಿಡಿ ಎಂಬ ಕಾಗದ ಬಂದರೆ ಸಾಕು, ಹೋಗಿ ಸಹಿ ಹಾಕುವುದು, ಗಂಟುಮೂಟೆ ಕಟ್ಟುವುದು. ಅದರಲ್ಲಿ ಏನು ಬರೆದಿದೆ ಎಂದು ಕೇಳಿದವರೇ ಇಲ್ಲ. ಹಾಳು ಪದ್ಧತಿ! ಎಷ್ಟು ಸಂಸಾರಗಳನ್ನು ಬೀದಿಗೆ ತಂದಿತೋ.

ಯೊಕಾಸ್ತಾ ಮಾಡಿದ ತಪ್ಪಾದರೂ ಏನು? ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಅವಳದು. ಬಾಡಿಗೆ ಒಂದು ತಿಂಗಳೂ ತಪ್ಪಿಸಿದವಳಲ್ಲ. ಚಳಿಗಾಲವಿಡೀ ಹೀಟರ್ ಕೆಟ್ಟು, ಅಮ್ಮನಿಗೆ ಬಿಡದ ಕೆಮ್ಮು ಹತ್ತಿದಾಗ ನಗರಸಭೆಗೆ ದೂರು ಕೊಟ್ಟಳು. ತಪಾಸಣೆಯವರು ಬಂದು ಮಾಲೀಕನ ತಪ್ಪು ಬರೆದುಕೊಂಡು ಹೋದರು. ಅದಾದ ಹನ್ನೊಂದನೆಯ ದಿನ ನೋಟಿಸು ಬಂತು. ವಕೀಲರನ್ನು ಇಡುವ ಶಕ್ತಿ ಇಲ್ಲ. ತಪಾಸಣೆಯ ವರದಿ, ನೋಟಿಸು, ಮನೆಯೊಳಗಿನ ಚಳಿಯನ್ನು ದಿನದಿನವೂ ಗುರುತು ಹಾಕಿದ ಕ್ಯಾಲೆಂಡರು, ಇಷ್ಟನ್ನೇ ಚೀಲಕ್ಕೆ ತುಂಬಿಕೊಂಡು ತನ್ನ ಪರ ತಾನೇ ಮಾತಾಡಲು ಹೊರಟಳು.

ಕೋರ್ಟಿನ ಕಾರಿಡಾರಿನಲ್ಲಿ ಬೆಂಚುಗಳೆಲ್ಲ ತುಂಬಿದ್ದವು. ಕರಿ ಸೂಟಿನ ಆಸಾಮಿಯೊಬ್ಬ ಫೈಲು ಹಿಡಿದು ಹೆಸರು ಕೂಗುತ್ತ ಬಂದ. ರಮೋನಾ ಗಡಬಡಿಸಿ ಎದ್ದಳು.

"ಏಳೇ, ಏಳು! ಜಡ್ಜ್ ಸಾಹೇಬ್ರು. ಹೋದ ಸಲಾನೂ ಇವ್ರೇ. ಎಷ್ಟು ಒಳ್ಳೆಯವರು ಗೊತ್ತಾ, ತಾವೇ ಪೆನ್ನು ಕೊಟ್ಟಿದ್ರು!"

ಆತ ನಗುತ್ತ ಪೆನ್ನು ಚಾಚಿದ. "ಮನೆ ಬಿಡೋಕೆ ಎರಡು ತಿಂಗಳು ಟೈಮ್ ಕೊಟ್ಟಿದೀವಿ. ಇಲ್ಲೊಂದು ಸಹಿ ಹಾಕಿ ಮನೆಗೆ ಹೋಗಿ."

"ಹಾಕೇ, ನನ್ನಾಣೆ!" ಅಮ್ಮ ತೋಳು ಹಿಡಿದೆಳೆದಳು.

ಯೊಕಾಸ್ತಾ ಪೆನ್ನು ತೆಗೆದುಕೊಳ್ಳದೆ ಕೇಳಿದಳು. "ಸಾರ್, ನೀವು ಜಡ್ಜಾ?"

"ಇಲ್ಲಮ್ಮ. ನಾನು ಮಾಲೀಕರ ವಕೀಲ."

"ಮತ್ತೆ ಜಡ್ಜ್ ಎಲ್ಲಿದಾರೆ?"

"ಒಳಗೆ. ತುಂಬಾ ಹೊತ್ತು ಕಾಯ್ಬೇಕಾಗುತ್ತೆ."

"ಕಾಯ್ತೀವಿ."

ರಮೋನಾ ಬೆಂಚಿನ ಮೇಲೆ ಕುಸಿದಳು. "ಅಂದ್ರೆ ಅವತ್ತು ನಾನು ಜಡ್ಜ್ ಮುಖಾನೇ ನೋಡ್ಲಿಲ್ವೇನೇ? ಹದಿನಾಲ್ಕು ವರ್ಷ ಬಾಳಿದ ಮನೆ ಕಣೇ ಅದು!" ಎಂದು ಸೆರಗಿಲ್ಲದ ಆ ಹೆಂಗಸು ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಮಧ್ಯಾಹ್ನ ಕರೆ ಬಂದು ಇಬ್ಬರೂ ಒಳಗೆ ಹೋದರು. ಜಡ್ಜ್ ಕನ್ನಡಕದ ಹೆಂಗಸು. ಯೊಕಾಸ್ತಾಳಿಗೆ ಕಾನೂನಿನ ಒಂದು ಪದವೂ ಬಾರದು. ನಡೆದದ್ದನ್ನು ತಾರೀಖಿನ ಪ್ರಕಾರ ಹೇಳಿ ಒಂದೊಂದೇ ಕಾಗದ ಕೊಟ್ಟಳು. ಜಡ್ಜ್ ವಕೀಲನ ಕಡೆ ತಿರುಗಿದರು.

"ತಪಾಸಣೆಯಾಗಿ ಹನ್ನೊಂದೇ ದಿನಕ್ಕೆ ನೋಟಿಸು. ಬೇರೆ ಕಾರಣ ಏನಾದ್ರೂ ಇದೆಯಾ?"

ಆತ ಫೈಲು ತಿರುವಿದ. ಮತ್ತೆ ತಿರುವಿದ.

"ದೂರು ಕೊಟ್ಟ ಸೇಡಿಗೆ ಯಾರನ್ನೂ ಮನೆ ಬಿಡಿಸೋ ಹಾಗಿಲ್ಲ. ಕೇಸು ವಜಾ. ಮೊದಲು ಹೀಟರ್ ರಿಪೇರಿ ಮಾಡಿಸಿ."

ಅಬ್ಬಾ! ಯೊಕಾಸ್ತಾಳಿಗೆ ಹೋದ ಜೀವ ಬಂದಂತಾಯಿತು.

ಹೊರಗೆ ಬಂದರೆ ಕರಿ ಸೂಟಿನವನು ಆಗಲೇ ಇನ್ನೊಂದು ಬೆಂಚಿನ ಮುಂದೆ ನಿಂತಿದ್ದ. ಕಂಕುಳಲ್ಲಿ ಕೂಸಿದ್ದ ಹುಡುಗಿಯೊಬ್ಬಳು ಪೆನ್ನು ಹಿಡಿದಿದ್ದಳು.

"ಏ ತಾಯಿ, ತಡಿ!" ಜನ್ಮದಲ್ಲಿ ಕೋರ್ಟಿನಲ್ಲಿ ಬಾಯಿ ಮಾಡದ ರಮೋನಾ ಕೂಗಿದಳು. "ಅವ್ನು ಜಡ್ಜ್ ಅಲ್ಲ! ಜಡ್ಜ್ ಒಳಗಿದಾರೆ, ನಾನೇ ಕಣ್ಣಾರೆ ನೋಡ್ಬಂದೆ."

"ಅಮ್ಮಾ, ಮನೆಗೆ ಹೋಗೋಣ. ಪಾತ್ರೆಯೆಲ್ಲ ಪೆಟ್ಟಿಗೇಲಿದೆ."

"ಇರ್ಲಿ ಬಿಡೇ, ಆಮೇಲೆ ತೆಗೆದ್ರಾಯ್ತು," ಎಂದು ರಮೋನಾ ಆ ಹುಡುಗಿಯ ಪಕ್ಕ ಗಟ್ಟಿಯಾಗಿ ಕುಳಿತಳು. "ಮೊದ್ಲು ಇವಳನ್ನ ಒಳಗೆ ಕರೀಲಿ."