ಏಳು ಗುಂಡುಪಿನ್ನು

ಅಕ್ಕನಿಗೆ ಹೊಲಿಗೆ ಮಷಿನ್ ಮಾರಿದ ಮಹಾನುಭಾವನಿಗೆ ನಾನಿಟ್ಟ ಹೆಸರು ಗ್ಯಾರಂಟಿಯಪ್ಪ. ಮಾತೆತ್ತಿದರೆ ಗ್ಯಾರಂಟಿ, ಮಷಿನ್ ಕೆಟ್ಟ ದಿನ ಮಾತ್ರ ಆ ಪದ ಅವನ ಬಾಯಿಂದ ಮಾಯ. ಕೊಂಡದ್ದು ನನ್ನ ಕ್ರೆಡಿಟ್ ಕಾರ್ಡಿನಲ್ಲಿ. ಮೂರನೆಯ ದಿನಕ್ಕೇ ಅದರ ಬಣ್ಣ ಬಯಲಾಯಿತು. ಒಂದು ಗೇಣು ನೆಟ್ಟಗೆ ಹೊಲಿಯುವುದು, ಆಮೇಲೆ ಒಂದೆರಡು ಹೊಲಿಗೆ ನುಂಗಿಹಾಕುವುದು.

ಅಕ್ಕ ಆಸ್ಪತ್ರೆಯ ನರ್ಸುಗಳಿಗೆ ನಲವತ್ತು ಕೋಟು ಹೊಲಿದುಕೊಡಲು ಒಪ್ಪಿದ್ದಳು. ನನ್ನ ಕಾರ್ಡಿನ ಮಿತಿಯೂ ಮುಗಿದಿತ್ತು. ಹಣ ವಾಪಸ್ ಬಂದರೆ ಬೇರೆ ಮಷಿನ್. ಬರದಿದ್ದರೆ ಕೋಟೂ ಇಲ್ಲ, ಮುಂದೆ ಆಸ್ಪತ್ರೆಯ ಕೆಲಸವೂ ಇಲ್ಲ.

ಮಷಿನ್ ಹೊತ್ತುಕೊಂಡು ಅಂಗಡಿಗೆ ಹೋದೆವು. ಗ್ಯಾರಂಟಿಯಪ್ಪ ಕುರ್ಚಿಯಿಂದ ಏಳಲೂ ಇಲ್ಲ.

"ಮಷಿನ್‌ಗೇನೂ ಆಗಿಲ್ಲಮ್ಮ. ಕೈ ಪಳಗ್ಬೇಕು, ಅಷ್ಟೆ."

ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿರುವವಳಿಗೆ ಈ ಮಾತು! ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ತಣ್ಣಗೆ, "ನೀವೇ ಇಟ್ಕೊಂಡು ಹೊಲಿದು ನೋಡಿ" ಎಂದಳು. ಎರಡು ದಿನ ಬಿಟ್ಟು ಮಷಿನ್ ಮನೆಗೆ ಬಂತು. ಜೊತೆಗೆ ಅಂಗಡಿಯವರು ಹೊಲಿದ ಒಂದು ನೀಲಿ ಬಟ್ಟೆಯ ತುಂಡು, 'ದೋಷವಿಲ್ಲ' ಎಂಬ ಚೀಟಿ.

ಹಣ ವಾಪಸ್ ಕೊಡಿಸಿ ಎಂದು ನಾನು ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟೆ. ಅಕ್ಕ ಹೊಲಿದ ಬಟ್ಟೆಯ ಫೋಟೊ ಕಳಿಸಿದೆ. ವಾರ ಕಳೆದು ಬ್ಯಾಂಕಿನಾಕೆ ಫೋನ್ ಮಾಡಿದರು.

"ಹೊಲಿದೋರ ಕೈ ಸರಿಯಿಲ್ಲ ಅಂತಾರೆ ಸರ್ ಅಂಗಡಿಯವ್ರು. ನೀವಲ್ದೆ ಬೇರೆಯವ್ರು ಹೊಲಿದದ್ದು ಏನಾದ್ರೂ ಇದ್ರೆ ಕಳ್ಸಿ."

ಇದೆಯಲ್ಲ, ಅಂಗಡಿಯವರ ತುಂಡಿನಲ್ಲೂ ಹೊಲಿಗೆ ಹಾರಿತ್ತು! ಖುಷಿಯಿಂದ ಒಳಗೆ ಓಡಿದೆ.

"ಅಕ್ಕಾ, ಆ ನೀಲಿ ತುಂಡೆಲ್ಲಿ?"

"ಬಿಚ್ಚಿಬಿಟ್ಟೆ."

"ಬಿಚ್ಚಿಬಿಟ್ಯಾ?"

"ಮತ್ತೇನು, ಅಂಥ ಹೊಲಿಗೇನ ಮನೇಲಿ ಇಟ್ಕೊಳ್ಳಕ್ಕಾಗುತ್ತೇನೋ? ಯಾರಾದ್ರೂ ನೋಡಿದ್ರೆ?"

ಕೆಟ್ಟ ಹೊಲಿಗೆ ಕಂಡರೆ ಇವಳ ಕೈ ಸುಮ್ಮನಿರುವುದಿಲ್ಲ. ಇದ್ದೊಂದು ಸಾಕ್ಷಿಯನ್ನು ದಾರ ದಾರವಾಗಿ ಬಿಚ್ಚಿ, ಇಸ್ತ್ರಿ ಮಾಡಿ ಮಡಿಸಿಟ್ಟಿದ್ದಳು. ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ.

ನಮ್ಮನ್ನು ಉಳಿಸಿದ್ದು ಗ್ಯಾರಂಟಿಯಪ್ಪನ ಕೊಬ್ಬು. ಅವನು ಬ್ಯಾಂಕಿಗೆ ಕೊಟ್ಟ ಉತ್ತರದ ಪ್ರತಿ ಮರುದಿನ ನಮಗೂ ಬಂತು. 'ನಮ್ಮ ನುರಿತ ಕೆಲಸಗಾರರು ಇದೇ ಮಷಿನ್‌ನಲ್ಲಿ ಹೊಲಿದದ್ದು' ಎಂದು ಬರೆದು, ಆ ನೀಲಿ ತುಂಡಿನದೇ ಫೋಟೊ ಲಗತ್ತಿಸಿದ್ದ! ಮಷಿನ್ ಮಾರುವವನಿಗೆ ಹೊಲಿಗೆ ನೋಡಲು ಬರುವುದಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ತಂದೆ. ಅಕ್ಕ ಕನ್ನಡಕ ಏರಿಸಿ, ಹೊಲಿಗೆ ಹಾರಿದಲ್ಲೆಲ್ಲ ಒಂದೊಂದು ಗುಂಡುಪಿನ್ನು ಚುಚ್ಚುತ್ತಾ ಹೋದಳು. ಒಟ್ಟು ಏಳು. ಅದನ್ನೇ ಬ್ಯಾಂಕಿಗೆ ಕಳಿಸಿದೆ.

ಹಣ ಪೂರ್ತಿ ವಾಪಸ್ ಬಂತು. ಅಕ್ಕ ಬೇರೆ ಅಂಗಡಿಯಿಂದ ತಂದ ಮಷಿನ್‌ನಲ್ಲಿ ಹನ್ನೊಂದನೆಯ ಕೋಟು ಹೊಲಿಯುತ್ತಿದ್ದಾಗ ಗ್ಯಾರಂಟಿಯಪ್ಪ ಹಳೆಯದನ್ನು ಒಯ್ಯಲು ತಾನೇ ಬಂದ. ಮುಖ ಇಂಗು ತಿಂದ ಮಂಗನಂತಾಗಿತ್ತು. ಅಕ್ಕ ಎದ್ದುಹೋಗಿ ನೀಲಿ ತುಂಡನ್ನು ತಂದು ಅವನ ಕೈಗಿಟ್ಟಳು.

"ತಗೊಳ್ಳಿ, ನಿಮ್ಮ ಬಟ್ಟೆ. ನಿಮ್ಮ ಮರ್ಯಾದೆ ಉಳೀಲಿ ಅಂತ ನಾನು ಹೊಲಿಗೆ ಬಿಚ್ಚಿಬಿಟ್ಟಿದ್ದೆ. ಫೋಟೊ ತೆಗೆದು ನೀವೇ ಕಳ್ಕೊಂಡ್ರಿ."