ವಿಷ ಕಾಣದ ಹುಳು

ಜಿರಳೆ ಸ್ಪ್ರೇ ಡಬ್ಬಿಯನ್ನು ಹಿಂದಿನ ಕೋಣೆಯ ಬಾಗಿಲ ಸಂದಿಗೆ ಹಿಡಿದು ಸುಧನ್ವ ಇನ್ನೇನು ಒತ್ತಬೇಕು, ಅಷ್ಟರಲ್ಲಿ ರಶ್ಮಿ ಅವನ ಮುಂಗೈ ಹಿಡಿದಳು.

“ಹೊಡೀಬ್ಯಾಡ್ರಿ ಮಾಮಾ. ಒಳಗ ಸರ್ ಸಾಕಿದ ಹುಳಾ ಅದಾವು.”

“ಬಂದವರನ್ನು ಸೊಳ್ಳೆ ಎತ್ತಿಕೊಂಡು ಹೋಗ್ತಾ ಉಂಟು, ಮಾರಾಯ್ತಿ.”

ಅವನು ಹೇಳಿದ್ದರಲ್ಲಿ ಅತಿಶಯವೇನೂ ಇರಲಿಲ್ಲ. ವಡೋದರಾದ ಗೋರ್ವಾ ಬಡಾವಣೆಯ ಆ ಮನೆಯ ಸೊಳ್ಳೆಗಳು ಪಾರಿವಾಳದಷ್ಟಿದ್ದವು. ಬಂದು ಕೂತರೆ ಕುರ್ಚಿ ಕಿರುಗುಟ್ಟುತ್ತಿತ್ತು. ಅಲ್ಲಿ ಸೊಳ್ಳೆಬತ್ತಿ ಹೊತ್ತಿಸದೆ ಒಂದು ಯುಗವೇ ಕಳೆದಿತ್ತು. ಹಯವದನರು ಬಿಡುತ್ತಿರಲಿಲ್ಲ. ಸುಧನ್ವನ ಭಾವನಾದ ಆ ಕೀಟ ವಿಜ್ಞಾನಿ ಹಿಂದಿನ ದಿನ ಎದೆನೋವೆಂದು ಕೂತವರು ಏಳಲಿಲ್ಲ. ಈಗ ಹಜಾರದ ಚಾಪೆಯ ಮೇಲಿದ್ದರು. ಸುತ್ತ ಕೂತವರೆಲ್ಲ ಪಟಪಟನೆ ಸೊಳ್ಳೆ ಹೊಡೆಯುತ್ತಿದ್ದರು. ಬೀದಿಯಿಂದ ಕೇಳಿದವರು ಒಳಗೆ ಸನ್ಮಾನ ಸಮಾರಂಭವೆಂದೇ ತಿಳಿಯಬೇಕು. ಬದುಕಿದ್ದಾಗ ಹಯವದನರಿಗೆ ಅಂಥದ್ದೊಂದು ಆಗಿರಲಿಲ್ಲ.

*

ಸುಧನ್ವನ ಉಡುಪಿ ಹೋಟೆಲಿನ ಸಾಂಬಾರಿನ ಪರಿಮಳಕ್ಕೆ ಸೂರತ್ ರೈಲು ಕೂಡ ನಿಧಾನವಾಗುತ್ತಿತ್ತು. ಒಮ್ಮೆ ಕರ್ಜಣ್ ಕಡೆಯ ಹತ್ತಿ ಬೆಳೆಗಾರನೊಬ್ಬ ಹಯವದನರನ್ನು ಹುಡುಕಿಕೊಂಡು ಅಲ್ಲಿಗೇ ಬಂದು, ಬೆಂಕಿಪೊಟ್ಟಣ ತೆರೆದು ಟೇಬಲಿನ ಮೇಲೆ ಕಾಯಿಕೊರಕ ಹುಳು ಬಿಟ್ಟ. ಔಷಧಿ ನಕಲಿ, ಅಂಗಡಿಯವನ ಕಾಲು ಮುರಿದೇ ಊರಿಗೆ ಹೋಗುತ್ತೇನೆ ಎಂಬುದು ಅವನ ಹಟ.

ಹಯವದನರು ಅವನನ್ನು ಮನೆಗೆ ಕರೆತಂದರು. ಅವನದೇ ಔಷಧಿಯ ಒಂದು ಹನಿಯನ್ನು ಅವನ ಹುಳುವಿನ ಬೆನ್ನಿಗಿಟ್ಟರು. ಅದು ಎಣ್ಣೆಸ್ನಾನ ಮುಗಿಸಿದ ಅಳಿಯನಂತೆ ಮೈಮುರಿದು ನಡೆದೇಬಿಟ್ಟಿತು. ಅಷ್ಟೇ ದೊಡ್ಡ ಹನಿಯನ್ನು ಹಿಂದಿನ ಕೋಣೆಯ ಹುಳುವಿಗಿಟ್ಟರು. ಅದು ಸುರುಟಿಕೊಂಡು ಸತ್ತಿತು.

“ಔಷಧಿ ಅಸಲಿಯೇ. ನಿಮ್ಮ ಹುಳಕ್ಕೆ ಅಭ್ಯಾಸ ಆಗಿದೆ. ನನ್ನದರ ಅಜ್ಜ ಮುತ್ತಜ್ಜ ಯಾರೂ ವಿಷ ಕಂಡವರಲ್ಲ. ಇದನ್ನಿನ್ನು ಕೊಳ್ಳಬೇಡಿ” ಎಂದು ಹಯವದನರು ಹಿಂದಿಯಲ್ಲಿ ಹೇಳಿದರು.

ಅಂಗಡಿಯವನ ಕಾಲು ಉಳಿಯಿತು. ಒಳಗೆ ಪಾತ್ರೆ ತೊಳೆಯುತ್ತಿದ್ದ ಸುಧನ್ವನ ಅಕ್ಕ ರುಕ್ಮಿಣಿ ಎಲ್ಲ ಕೇಳಿಸಿಕೊಂಡರೂ ಹೊರಗೆ ಬರಲಿಲ್ಲ. ನಿವೃತ್ತಿಯ ದಿನ ಗಂಡ ಆಟೋ ತುಂಬ ಹುಳು ತಂದಾಗಲೇ, ಆ ಕೋಣೆಗೆ ಕಾಲಿಡುವುದಿಲ್ಲವೆಂದು ಆಕೆ ಆಣೆ ಹಾಕಿದ್ದಳು.

*

ಈಗ ರಶ್ಮಿ ರುಕ್ಮಿಣಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಹಾವೇರಿಯ ಈ ಹುಡುಗಿ ಹಯವದನರ ಕೊನೆಯ ವಿದ್ಯಾರ್ಥಿನಿ.

“ಆಂಟಿ, ಮೊಟ್ಟಿ ಎಲ್ಲಾ ಇವತ್ತ ಮುಂಜಾನೆ ಒಡದಾವು. ಊಟ ಇಲ್ಲಂದ್ರ ಒಂದನ್ನೊಂದು ತಿಂದು ಮುಗಿಸ್ತಾವು. ಈ ತಳಿ ಬ್ಯಾರೆ ಎಲ್ಲೂ ಉಳಿದಿಲ್ಲ.”

ಊಟವೆಂದರೆ ಕಡಲೆಹಿಟ್ಟಿನ ಗಂಜಿ. ಅದನ್ನು ಬೇಯಿಸಬೇಕು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ.

“ಭಾವನೇ ಹೋದ ಮೇಲೆ ಹುಳ ಎಂತಕ್ಕೆ ಅಕ್ಕ? ಒಟ್ಟಿಗೇ ಹೋಗ್ಲಿ” ಎಂದ ಸುಧನ್ವ. “ಇನ್ನಾದ್ರೂ ಬತ್ತಿ ಹಚ್ಚಿ ನಿದ್ದೆ ಮಾಡು.”

ರುಕ್ಮಿಣಿ ಗಂಡನ ಹಣೆಯ ಮೇಲೆ ಕೂತ ಸೊಳ್ಳೆಯನ್ನು ಸೆರಗಿನಿಂದ ಓಡಿಸಿದಳು.

“ನಾಳೆ ಯಾರಾದರೂ ಬೆಂಕಿಪೊಟ್ಟಣದಲ್ಲಿ ಹುಳ ಹಿಡ್ಕೊಂಡು ಬಂದ್ರೆ?”

“ಹೋಲಿಸಿ ನೋಡಾಕ ಈ ಹುಳಾ ಇಲ್ಲಂದ್ರ ಏನೂ ಹೇಳಾಕ ಬರಂಗಿಲ್ಲ, ಆಂಟಿ.”

ರುಕ್ಮಿಣಿ ತಮ್ಮನ ಕಡೆ ತಿರುಗಿದಳು. “ಇಲ್ಲಿ ಒಲೆ ಹಚ್ಚುವ ಹಾಗಿಲ್ಲ. ನಿನ್ನ ಹೋಟೆಲಲ್ಲಿ ಉಂಟಲ್ಲ.”

ಭಾವನ ಸಾವಿಗೆಂದು ಇಳಿಸಿದ್ದ ಶಟರನ್ನು ಸುಧನ್ವ ಅರ್ಧ ಎತ್ತಿದ. ವಡೋದರಾದ ಅರ್ಧ ಜನ ಇಡ್ಲಿಗೆ ನುಗ್ಗಿದರು. ಅವರನ್ನೆಲ್ಲ ಹಿಂದೆ ಕಳಿಸುವಷ್ಟರಲ್ಲಿ ಅವನ ಗಂಟಲು ಬಿದ್ದುಹೋಯಿತು. ಕಡಲೆಹಿಟ್ಟು ಕುದಿಯತೊಡಗಿದಾಗ ಅವನ ಕೈ ತಾನಾಗಿ ಡಬ್ಬಿಗೆ ಹೋಗಿ ಚಿಟಿಕೆ ಇಂಗು ಎತ್ತಿತು.

“ಇಂಗು ಬ್ಯಾಡ್ರಿ, ಮಾಮಾ” ಎಂದು ಜೊತೆಗೆ ಬಂದಿದ್ದ ರಶ್ಮಿ ತಡೆದಳು.

“ಉಪ್ಪು?”

“ಅದೂ ಬ್ಯಾಡ.”

“ಪಾಪ” ಎಂದ ಸುಧನ್ವ. ಜೀವಮಾನದಲ್ಲಿ ಮೊದಲ ಸಲ ಸಪ್ಪೆ ಅಡುಗೆ ಮಾಡಿದ ಅವನ ಕಣ್ಣಲ್ಲಿ, ಹಿಂದಿನ ದಿನದಿಂದ ಬಾರದಿದ್ದ ನೀರು ಬಂತು. ಅದು ಪಾತ್ರೆಗೆ ಬೀಳದಂತೆ ಮುಖ ತಿರುಗಿಸಿಕೊಂಡ.

ಅವನು ಟಿಫಿನ್ ಕ್ಯಾರಿಯರ್ ತಂದುಕೊಟ್ಟು ಚಟ್ಟಕ್ಕೆ ಹೆಗಲು ಕೊಟ್ಟ. ಗಂಡಸರೆಲ್ಲ ಹೊರಟರು. ಬೀದಿಯ ತಿರುವಿನಲ್ಲಿ ಚಟ್ಟ ಕಣ್ಮರೆಯಾಗುವ ತನಕ ನಿಂತಿದ್ದ ರುಕ್ಮಿಣಿ, ಕೈಕಾಲು ತೊಳೆದು ಹಿಂದಿನ ಕೋಣೆಯ ಬಾಗಿಲು ತಳ್ಳಿದಳು.

ರಶ್ಮಿ ಪುಟ್ಟ ಬಟ್ಟಲುಗಳಲ್ಲಿ ಆರಿದ ಗಂಜಿಯನ್ನು ಇಟ್ಟುಕೊಡುತ್ತ ಹೋದಳು. ರುಕ್ಮಿಣಿ ಹಯವದನರ ಕುಂಚದ ತುದಿಯಲ್ಲಿ ನೂಲಿನ ಚೂರಿನಂಥ ಒಂದು ಮರಿಯನ್ನು ಎತ್ತಿಕೊಂಡಳು. ಅವಳ ಮಣಿಕಟ್ಟಿನ ಮೇಲೊಂದು ಸೊಳ್ಳೆ ಕೂತು ನಿಧಾನವಾಗಿ ಹೊಟ್ಟೆ ತುಂಬಿಸಿಕೊಳ್ಳತೊಡಗಿತು. ಕುಂಚ ಅಲುಗಲಿಲ್ಲ.