ನಾಗಲೋಕದ ಎರಡನೇ ದನಿ

ಗೆಜ್ಜಲಗೆರೆ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿರುವ ಪಾರ್ಕಿನಲ್ಲಿ ‘ನಾಗಲೋಕ’ ಅಂತ ಒಂದು ಹಳೆಯ ದೋಣಿಯಾಟವಿದೆ. ಕತ್ತಲ ಸುರಂಗದಲ್ಲಿ ದೋಣಿ ಮೆಲ್ಲಗೆ ತೇಲಿ ಹೋಗುತ್ತದೆ, ಅಕ್ಕಪಕ್ಕ ಸಿಮೆಂಟಿನ ಹಾವುಗಳು ಹೆಡೆಯೆತ್ತುತ್ತವೆ, ಸ್ಪೀಕರಿನಿಂದ ಒಂದು ದನಿ ಕಥೆ ಹೇಳುತ್ತದೆ. ಆ ದನಿ ಇದುವರೆಗೆ ಎರಡು ಸಲ ಬದಲಾಗಿದೆ. ಮೂರರಲ್ಲಿ ಯಾವುದು ಚೆನ್ನ ಎಂದು ಕಿತ್ತಾಡುವುದಕ್ಕೆಂದೇ ಒಂದು ವಾಟ್ಸಾಪ್ ಗುಂಪಿತ್ತು.

ಅದರಲ್ಲಿ ಎಲ್ಲರಿಗಿಂತ ಹೆಚ್ಚು ವಾದ ಮಾಡುತ್ತಿದ್ದವರು ಮಹದೇವು ಮತ್ತು ಆಶ್ರಿತಾ. ಮಹದೇವು ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆಶ್ರಿತಾ ಮಂಡ್ಯದ ಹೈಸ್ಕೂಲಿನಲ್ಲಿ ಟೀಚರು. ಆಕೆಗೆ ಮೊದಲನೇ ದನಿಯೇ ದೇವರು. ಅದು ಪಾರ್ಥಸಾರಥಿ ಎಂಬ ಮೇಷ್ಟರದು. “ಪ್ರಯಾಣಿಕರೇ, ಇದೀಗ ನಾಗಲೋಕದ ಮಹಾದ್ವಾರವನ್ನು ಪ್ರವೇಶಿಸುತ್ತಿದ್ದೇವೆ” ಎಂದು ಅವರು ಗಂಭೀರವಾಗಿ ಹೇಳಿ ನಿಲ್ಲಿಸಿದರೆ, ಆ ಮೌನಕ್ಕೇ ಮೈ ಜುಮ್ಮೆನ್ನುತ್ತಿತ್ತಂತೆ. ಮಹದೇವುಗೆ ಎರಡನೇ ದನಿ. ಅದು ಬೆಸಗರಹಳ್ಳಿಯ ಕೆಂಪಸಿದ್ದಯ್ಯನವರದು. ಊರೂರಲ್ಲಿ ನಾಟಕವಾಡಿಸುತ್ತಿದ್ದ ಅವರು ಅದೇ ಬಾಗಿಲಲ್ಲಿ, “ತಲೆ ಬಗ್ಗಿಸ್ಕಳ್ರಪ್ಪೋ, ಬಾಗ್ಲು ತಗ್ಗು!” ಎನ್ನುತ್ತಿದ್ದರು. ಮುಂದೆ ದೋಣಿ ಕಗ್ಗತ್ತಲಲ್ಲಿ ನಿಂತು ಮಕ್ಕಳು ಅಳಲು ಶುರು ಮಾಡಿದಾಗ ಅವರ ದನಿ ಕಿವಿಯ ಪಕ್ಕದಲ್ಲೇ ಎಂಬಂತೆ ಬರುತ್ತಿತ್ತು: “ಎದ್ರುಕೋಬ್ಯಾಡಿ. ನಾನಿವ್ನಿ.”

ಮೂರನೆಯದು ಈಗಿನದು. ಅದರಲ್ಲಿ ಡ್ರಮ್ಮಿನ ಗಲಾಟೆಯೇ ಜಾಸ್ತಿ. ಅದು ಯಾರಿಗೂ ಬೇಡವೆಂಬ ವಿಷಯದಲ್ಲಿ ಮಾತ್ರ ಗುಂಪಿನಲ್ಲಿ ಒಮ್ಮತವಿತ್ತು.

ಈ ವರ್ಷ ಪಾರ್ಕಿನವರು ಹಳೆಯ ದನಿಯೊಂದನ್ನು ಮತ್ತೆ ಹಾಕುತ್ತೇವೆ, ನೀವೇ ಆರಿಸಿ ಎಂದರು. ಗುಂಪಿನ ಓಟಿನಲ್ಲಿ ಕೆಂಪಸಿದ್ದಯ್ಯ ಗೆದ್ದರು. ಅವರದೂ ಮನೆಯವರದೂ ಒಪ್ಪಿಗೆ ತರುವ ಕೆಲಸವನ್ನು ಮಹದೇವು ತಾನೇ ವಹಿಸಿಕೊಂಡ. “ಸೋತಿದ್ದೀನಿ, ಆದ್ರೂ ಅವರನ್ನ ನೋಡ್ಬೇಕು” ಎಂದು ಆಶ್ರಿತಾಳೂ ಹೊರಟಳು. ಭಾನುವಾರ ಮದ್ದೂರಿನಲ್ಲಿ ಬಸ್ಸು ಹತ್ತಿ ಇಬ್ಬರೂ ಬೆಸಗರಹಳ್ಳಿಯಲ್ಲಿ ಇಳಿದರು.

ಜಗುಲಿಯ ಮೇಲೆ ಮುದುಕರೊಬ್ಬರು ಕೂತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಇವರನ್ನು ಕಂಡು ಬಾಯಿ ತೆರೆದರು. “ಬ... ಬ...” ಎಂದು ಎಳೆದರು. ಕುತ್ತಿಗೆಯ ನರ ಉಬ್ಬಿತು.

“ಬನ್ನಿ ಅಂತಾವ್ರೆ,” ಎನ್ನುತ್ತಾ ಅವರ ಹೆಂಡತಿ ಮಂಚಮ್ಮ ಒಳಗಿನಿಂದ ಬಂದರು. “ಲಕ್ವ ಒಡೀತು ಕಣಪ್ಪ. ಕೈ ಓಯ್ತು, ಮಾತೂ ಓಯ್ತು. ಮಾತಾಡ್ಸ್ತಾ ಇರಿ, ಬತ್ತದೆ ಅಂದವ್ರೆ ಡಾಕ್ಟ್ರು. ದಿನಾ ನನ್ನೆಸ್ರು ಏಳುಸ್ತೀನಿ. ‘ಮ’ ಅನ್ನಗಂಟ ಬಂದವ್ರೆ.”

ಮಹದೇವು ಕೈಮುಗಿದ. ಬಂದ ಕಾರಣವನ್ನು ತಡವರಿಸುತ್ತಾ ತಿಳಿಸಿದ. ಮುದುಕರ ಕಣ್ಣು ಅರಳಿತು. ಮಂಚಮ್ಮ, “ಕೇಳುದ್ರಾ? ಜನ ನಿಮ್ಮನ್ನ ಮರ್ತಿಲ್ಲ,” ಎಂದು ಅವರ ಹೆಗಲು ತಟ್ಟಿ, ಕಾಫಿಗೆ ಹಾಲು ತರಲು ಹಿತ್ತಲ ಕೊಟ್ಟಿಗೆಗೆ ಹೋದರು.

“ಅಜ್ಜ, ನಿಮ್ಮ ದನಿ ನನ್ ಫೋನಲ್ಲೈತೆ. ಕೇಳ್ತೀರಾ?” ಎಂದ ಮಹದೇವು. ಕೆಂಪಸಿದ್ದಯ್ಯ ತಲೆಯಾಡಿಸಿದರು. ಅವರಿಗೆ ಸರಿಯಾಗಿ ಕೇಳಲೆಂದು ಅವನು ದನಿಯನ್ನು ಪೂರಾ ಏರಿಸಿದ.

“ಎದ್ರುಕೋಬ್ಯಾಡಿ. ನಾನಿವ್ನಿ.”

ಹಿತ್ತಲಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಮಂಚಮ್ಮ ಓಡಿಬಂದರು. ಸೀರೆಯ ತುಂಬ ಹಾಲು ಚೆಲ್ಲಿತ್ತು. ಅವರಿಗೆ ಬೇರೆ ಯಾರೂ ಕಾಣಲಿಲ್ಲ. ಗಂಡನ ಮುಂದೆ ಕುಸಿದು ಕೂತು ಎರಡೂ ಕೈಯಲ್ಲಿ ಅವರ ಮುಖ ಹಿಡಿದುಕೊಂಡರು.

“ಮಾತಾಡುದ್ರಾ? ಇನ್ನೊಂದಪ ಅನ್ನಿ. ನಾನಿವ್ನಿ ಅನ್ನಿ!”

ಕೆಂಪಸಿದ್ದಯ್ಯನವರ ತುಟಿ ಅಲುಗಿತು. ಆ ಹೊತ್ತಿಗೆ ಫೋನಿನಲ್ಲಿ ಅದೇ ದನಿ ಹಾವಿನ ರಾಣಿಯ ಕಥೆಗೆ ಹೋಗಿ ಗಹಗಹಿಸಿ ನಕ್ಕಿತು. ಮಂಚಮ್ಮ ತಿರುಗಿ ನೋಡಿದರು. ಫೋನನ್ನು ಆರಿಸಲು ಮಹದೇವುಗೆ ಆಗಲಿಲ್ಲ, ಆಶ್ರಿತಾ ಕಸಿದುಕೊಂಡು ಆರಿಸಿದಳು.

ಮಂಚಮ್ಮ ಎದ್ದು ಸೆರಗಿನಿಂದ ಗಂಡನ ಗಲ್ಲದ ಜೊಲ್ಲು ಒರೆಸಿದರು. ಕೆಂಪಸಿದ್ದಯ್ಯ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಒಪ್ಪಿಗೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಮಂಚಮ್ಮ ಹಿಂದೆಯೇ ಬಂದರು.

“ಇಲ್ಲಿಗಂಟ ಅವ್ರಿಗೆ ಕೇಳಾಕಿಲ್ಲ,” ಎಂದರು. “ನಂಗೊಂದಪ ಕೇಳ್ಸು ಮಗ. ಮೆಲ್ಲಕೆ.”

ಬೇಲಿಯ ಮರೆಯಲ್ಲಿ ನಿಂತು ಫೋನನ್ನು ಕಿವಿಗೊತ್ತಿಕೊಂಡರು. ಮುಗಿದ ಮೇಲೂ ಬಹಳ ಹೊತ್ತು ಹಾಗೇ ಹಿಡಿದಿದ್ದರು. ಫೋನು ಕೊಡುವಾಗ, “ಪಾರ್ಕಲ್ಲಿ ಇದ ಆಕ್ಬ್ಯಾಡಿ. ಊರೋರು ಕೇಳ್ಬುಟ್ಟು ಬಂದು ಇವ್ರ ಮುಂದೆ ಏಳ್ತಾರೆ. ತಡಕೊಳಾಕಿಲ್ಲ ಅವ್ರು,” ಎಂದರು.

ಮನೆಯವರು ಒಪ್ಪಲಿಲ್ಲ ಎಂದಷ್ಟೇ ಮಹದೇವು ಗುಂಪಿಗೆ ತಿಳಿಸಿದ. ಕೇಳುವುದಕ್ಕೆ ಬರದವನನ್ನು ಯಾಕೆ ಕಳಿಸಿದಿರಿ ಎಂದು ಬೈದವರಿದ್ದರು. ಕೊನೆಗೆ ಪಾರ್ಥಸಾರಥಿ ಮೇಷ್ಟರ ದನಿ ಬಂತು. ಅದನ್ನು ಕೇಳಲು ಆಶ್ರಿತಾ ಹೋಗಲೇ ಇಲ್ಲ.

ಒಂದೆರಡು ತಿಂಗಳು ಕಳೆದ ಮೇಲೆ ಮಹದೇವು ಒಬ್ಬನೇ, ಹಣ್ಣು ತೆಗೆದುಕೊಂಡು ಮತ್ತೆ ಬೆಸಗರಹಳ್ಳಿಗೆ ಹೋದ. ಕೆಂಪಸಿದ್ದಯ್ಯ ಅದೇ ಜಗುಲಿಯಲ್ಲಿದ್ದರು. ಇವನನ್ನು ನೋಡಿದರು. ಗುರುತು ಹಿಡಿದದ್ದು ಕಣ್ಣಿನಲ್ಲೇ ಗೊತ್ತಾಯಿತು. ಬಾಯಿ ತೆರೆಯಲಿಲ್ಲ.

“ನಮಸ್ಕಾರ ಅಜ್ಜ,” ಎಂದ. ಅವರು ತುಟಿ ಬಿಗಿದುಕೊಂಡೇ ಇದ್ದರು.

“ಈಗ ಯಾರ ಮುಂದ್ಲೂವೆ ಸದ್ದೆತ್ತಾಕಿಲ್ಲ,” ಎಂದರು ಮಂಚಮ್ಮ, ಅವನಿಗೆ ಲೋಟ ಕೊಡುತ್ತಾ. ದನಿಯಲ್ಲಿ ಸಿಟ್ಟಿರಲಿಲ್ಲ. “ನೀವ್ ಬಂದೋದ ಮಾರ್ನೆ ದಿನ, ‘ಮ’ ಅನ್ನಿ ಅಂದೆ. ಬ್ಯಾಡ ಅಂತ ಕೈಯಾಡ್ಸುದ್ರು. ಆವತ್ತಿಂದ ಅಷ್ಟೇಯ.”

ಲೋಟದ ಕಡೆ ಕೈ ತೋರಿಸಿ, “ಕಾಫಿ ಆರೋಯ್ತದೆ, ಕುಡಿಯಪ್ಪ,” ಎಂದರು.

ಮಹದೇವು ಲೋಟ ಹಿಡಿದುಕೊಂಡು ಆ ಜಗುಲಿಯ ಮೇಲೆ ಮುದುಕರ ಪಕ್ಕದಲ್ಲಿ ಕೂತ. ಇಬ್ಬರೂ ಬೀದಿ ನೋಡುತ್ತಿದ್ದರು.